ಮೂರು ತಾಲ್ಲೂಕಿನ ಒಂದು ದಾರಿ

(ಆಕಾಶವಾಣಿಯಲ್ಲಿ ಮಾಡಿದ ಭಾಷಣ)

2025ರ ಜೂನ್ ತಿಂಗಳ ಮೊದಲ ಮಳೆಯ ದಿನಗಳಲ್ಲಿ, ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ನೆಲೆಸಿರುವ ನನ್ನ ತಮ್ಮನ ಮಗನಿಂದ ನನಗೊಂದು ಪತ್ರ ಬಂದಿತು. ಅಂಚೆಯವನು ತಂದ ಪತ್ರವಲ್ಲ. ಅಂಗೈಯಲ್ಲೇ ಬರೆದು ಅಂಗೈಯಲ್ಲೇ ಓದಿ ಮುಗಿಸುವ ಈ ಕಾಲದ ಪತ್ರ. ಅದರ ಜೊತೆಗೆ ಒಂದು ಪಟ್ಟಿಯೂ ಇದ್ದಿತು. ಹಿಂದಿನ ವರ್ಷ ಅವನು ತನ್ನ ಹೆಂಡತಿಯನ್ನೂ ಹನ್ನೊಂದು ವರ್ಷದ ಮಗಳನ್ನೂ ಕರೆದುಕೊಂಡು ಕಾಟ್ಸ್‌ವೋಲ್ಡ್ಸ್ ಎಂಬ ಗುಡ್ಡಸೀಮೆಯ ಹಳ್ಳಿಗಳನ್ನು ಮೂರು ದಿನ ಕಾರಿನಲ್ಲಿ ಸುತ್ತಿ ಬಂದಿದ್ದ. ಹೊರಡುವ ಮೊದಲೇ ಎಲ್ಲವನ್ನೂ ಗಂಟೆಗಂಟೆಗೂ ಬರೆದಿಟ್ಟುಕೊಂಡಿದ್ದ. ಬೈಬರಿಯಲ್ಲಿ ಮುಕ್ಕಾಲು ಗಂಟೆ. ಬೋರ್ಟನ್ ಎಂಬಲ್ಲಿ ಹೊಳೆಯ ದಂಡೆಯ ಮೇಲೆ ಊಟ. ಕಾಸಲ್ ಕೂಂಬ್‌ನಲ್ಲಿ ಸಂಜೆಯ ಚಹ. ಪಟ್ಟಿಯ ಕೆಳಗೆ ನಾಲ್ಕೇ ಸಾಲು: “ದೊಡ್ಡಪ್ಪ, ಆಗಸ್ಟಿನಲ್ಲಿ ಮೂವರೂ ಬರುತ್ತಿದ್ದೇವೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಇಂಥದೇ ಒಂದು ಪ್ರವಾಸಕ್ಕೆ ನೀವೇ ದಾರಿ ಹಾಕಿಕೊಡಬೇಕು. ನೋಡತಕ್ಕ ಹಳ್ಳಿಗಳು ಯಾವುವೆಂದು ನನಗೆ ತಿಳಿಯದು. ಅಪ್ಪ ಹುಟ್ಟಿದ ಊರನ್ನು ಮಾತ್ರ ಪಟ್ಟಿಯಲ್ಲಿ ಬಿಡಬೇಡಿ.”

ಮೂವತ್ತು ವರ್ಷಗಳಿಗೂ ಮೀರಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ವೇಳಾಪಟ್ಟಿ ಹಾಕುವುದು ನನಗೆ ಹೊಸತಲ್ಲ. ಒಂದು ಸಂಜೆಯ ಕೆಲಸವೆಂದುಕೊಂಡು ಕಾಗದ ಹಿಡಿದು ಕುಳಿತೆ. ಆ ಕಾಗದ ಒಂದು ತಿಂಗಳು ನನ್ನ ಮೇಜಿನ ಮೇಲೆಯೇ ಇತ್ತು.

ಮೊದಲ ತೊಡಕು ಬಂದದ್ದು ‘ಊರು’ ಎಂಬ ಮಾತಿನಲ್ಲಿ. ಇಂಗ್ಲೆಂಡಿನ ಹಳ್ಳಿ ಒಂದು ಗುಂಪು. ನಡುವೆ ಚರ್ಚಿನ ಗೋಪುರ, ಅದರ ಸುತ್ತ ಸಮಾಧಿಗಳು, ಎದುರಿಗೊಂದು ಹುಲ್ಲಿನ ಬಯಲು, ಬಯಲಿನಂಚಿಗೆ ಪಾನಗೃಹ, ಆಮೇಲೆ ಒಂದಕ್ಕೊಂದು ಭುಜ ತಾಗಿಸಿ ನಿಂತ ಮನೆಗಳು. ಕಾಟ್ಸ್‌ವೋಲ್ಡ್ಸ್ ಸೀಮೆಯ ಮನೆಗಳೆಲ್ಲ ಜೇನುತುಪ್ಪದ ಬಣ್ಣದ ಸುಣ್ಣಕಲ್ಲಿನವು. ಮಧ್ಯಯುಗದಲ್ಲಿ ಕುರಿಯ ಉಣ್ಣೆ ಮಾರಿ ಬಂದ ಹಣದಿಂದ ಅಲ್ಲಿಯ ದೊಡ್ಡ ಚರ್ಚುಗಳು ಎದ್ದವು. ಬೈಬರಿಯಲ್ಲಿ ಈಗ ಎಲ್ಲರೂ ಚಿತ್ರ ತೆಗೆದುಕೊಳ್ಳುವ ಆ ಸಾಲುಮನೆಗಳು ಒಂದು ಕಾಲಕ್ಕೆ ಉಣ್ಣೆಯ ಉಗ್ರಾಣ. ಮುಂದೆ ನೇಕಾರರ ಬಿಡಾರ. ಇಂಗ್ಲೆಂಡಿನಲ್ಲೇ ಅತ್ಯಂತ ಸುಂದರವಾದ ಹಳ್ಳಿ ಇದೆಂದು ವಿಲಿಯಂ ಮಾರಿಸ್ ಮೆಚ್ಚಿದ ಮೇಲಂತೂ ಅದಕ್ಕೆ ನೋಟಕರ ಕೊರತೆಯೇ ಇಲ್ಲ. ಕಾರು ನಿಲ್ಲಿಸಿ ಇಳಿದು ಒಂದು ಸುತ್ತು ಹಾಕಿದರೆ ಊರು ನೋಡಿದಂತಾಯಿತು. ಮುಕ್ಕಾಲು ಗಂಟೆ ಸಾಕು.

ನಮ್ಮ ಮಲೆನಾಡಿನಲ್ಲಿ ಊರೆಂಬುದು ಹೀಗೆ ಕೈಗೆ ಸಿಕ್ಕುವ ವಸ್ತುವಲ್ಲ. ರಸ್ತೆಯ ಬದಿಗೆ ಹಳದಿ ಹಲಗೆಯ ಮೇಲೆ ಊರಿನ ಹೆಸರಿದೆ. ಕಣ್ಣೆತ್ತಿ ನೋಡಿದರೆ ಕಾಡು. ಇನ್ನೊಂದು ಫರ್ಲಾಂಗು ಹೋದರೆ ಒಂದು ಉಣಗೋಲು, ಅದರಾಚೆ ಕೆಮ್ಮಣ್ಣಿನ ದಾರಿ. ಆ ದಾರಿ ಸೊಪ್ಪಿನಬೆಟ್ಟದ ಸೆರಗಿನಲ್ಲಿ ಇಳಿದು, ಹಳ್ಳದ ಮೇಲಿನ ಅಡಕೆಮರದ ಸಂಕವನ್ನು ದಾಟಿ, ತೋಟದ ತಲೆಗೆ ಬಂದಾಗ ಒಂದು ಮನೆ. ಎರಡನೆಯ ಮನೆ ಗುಡ್ಡದ ಆಚೆ. ಮೂರನೆಯದನ್ನು ಕೂಗಿ ಕರೆದರೆ ನಾಯಿಯ ಬೊಗಳು ಕೇಳೀತು, ಮನೆ ಕಾಣದು. ಇವೆಲ್ಲ ಸೇರಿ ಒಂದು ಊರು. ಅದನ್ನು ಊರೆಂದು ಕಟ್ಟಿ ಹಿಡಿದಿರುವುದು ಬೀದಿಯಲ್ಲ. ನೀರಿನ ಸರದಿ, ಮದುವೆಯ ಕೆಲಸಕ್ಕೆ ಹೋಗಿಬರುವ ಕಾಲುದಾರಿ, ಸತ್ತವರ ಮನೆಗೆ ಮೊದಲು ಓಡುವವರು ಯಾರೆಂಬ ತಿಳಿವಳಿಕೆ. ಕಾರಿನ ಕಿಟಕಿಯಿಂದ ಇದನ್ನು ತೋರಿಸುವುದೆಂತು? ಇಲ್ಲಿ ಊರು ನೋಡಬೇಕಾದರೆ ಯಾರದಾದರೂ ಮನೆಗೆ ಹೋಗಬೇಕು. ಹೋದಮೇಲೆ ಮುಕ್ಕಾಲು ಗಂಟೆಯಲ್ಲಿ ಏಳುವ ಹಾಗಿಲ್ಲ; ಬೆಲ್ಲ ನೀರು, ಕಾಫಿ, ಬಲವಂತದ ಊಟ ಇವುಗಳಿಗೆ ಯಾವ ವೇಳಾಪಟ್ಟಿಯಲ್ಲಿ ಎಡೆಯಿದೆ!

ಆದ್ದರಿಂದ ಹಳ್ಳಿಗಳ ಪಟ್ಟಿಯನ್ನು ಹೊಡೆದು ಹಾಕಿ ಮನೆಗಳ ಪಟ್ಟಿ ಮಾಡತೊಡಗಿದೆ. ನೆಂಟರು, ಹಳೆಯ ವಿದ್ಯಾರ್ಥಿಗಳು, ಒಡನೆ ಓದಿದವರು. ಹದಿನಾಲ್ಕು ಮನೆ ಬರೆದೆ. ಒಂದೊಂದಕ್ಕೂ ದೂರವಾಣಿ ಮಾಡುತ್ತಾ ಹೋದಂತೆ ಪಟ್ಟಿ ಕುಗ್ಗಿತು. ಮೂರು ಮನೆಗಳಿಗೆ ಬೀಗ. ಯಜಮಾನರು ಬೆಂಗಳೂರಿನಲ್ಲಿ ಮಗನ ಬಳಿ. ಎರಡು ಕಡೆ ಗಂಡ ಹೆಂಡಿರಿಬ್ಬರೇ, ಅವರಲ್ಲೊಬ್ಬರು ಹಾಸಿಗೆ ಹಿಡಿದವರು. ಒಬ್ಬರು ಎಲೆಚುಕ್ಕೆ ರೋಗದಿಂದ ಸೊರಗಿದ ತೋಟವನ್ನು ಮಾರುವ ಮಾತಿನಲ್ಲಿದ್ದರು. “ಬನ್ನಿ ಮಾಷ್ಟ್ರೇ, ನಾವಿರುವಾಗಲೇ ಬನ್ನಿ” ಎಂದರು. ಆ ಮಾತಿಗೆ ಎರಡು ಅರ್ಥವುಂಟು. ಯಾವುದೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಕೊನೆಗೆ ಉಳಿದದ್ದು ಐದು ಮನೆ.

ಎರಡನೆಯ ತೊಡಕು ಕಾಲದ್ದು. ಇಂಗ್ಲೆಂಡಿನ ಶಾಲೆಗಳಿಗೆ ದೀರ್ಘ ರಜೆ ಬರುವುದು ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವ ತನಕ. ಅದು ಅವರ ಬೇಸಗೆ. ನಮಗೆ ಪುಷ್ಯ, ಆಶ್ಲೇಷ ಮಳೆಗಳ ಹೊಡೆತದ ಹೊತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಎಷ್ಟೋ ವರ್ಷ ಅದನ್ನೂ ಮೀರಿಸುತ್ತದೆ. ಘಾಟಿಯ ರಸ್ತೆಗಳಲ್ಲಿ ಮಣ್ಣು ಕುಸಿಯುವ ಭಯ. ತೋಟದವರಿಗೆ ಆಗ ಕೊಳೆರೋಗದ ಚಿಂತೆ. ಮಳೆ ಒಂದು ಗಳಿಗೆ ಬಿಟ್ಟರೆ ಮೈಲುತುತ್ತ ಸುಣ್ಣಗಳ ದ್ರಾವಣ ಹೊತ್ತು ಮರವೇರುವ ಕೆಲಸ. ಇಂಥ ಹೊತ್ತಿನಲ್ಲಿ ವಿಲಾಯಿತಿಯ ನೆಂಟರನ್ನು ಕರೆದುಕೊಂಡು ಹೋಗುವುದೆಂದರೆ ಸಂಕೋಚದ ಮಾತೇ. ಮಾಘ ಮಾಸದಲ್ಲಿ ಬನ್ನಿರೆಂದು ಬರೆಯಲೆ ಎಂದು ಯೋಚಿಸಿದೆ. ಆದರೆ ಮಳೆಗಾಲವನ್ನು ಬಿಟ್ಟು ಮಲೆನಾಡನ್ನು ತೋರಿಸುವುದು ನಾಟಕದ ದಿನ ಬಿಟ್ಟು ಮರುದಿನ ರಂಗಮಂದಿರ ತೋರಿಸಿದಂತೆ. ಕಳಲೆ, ಪತ್ರೊಡೆ, ಕೆಸುವಿನ ಚಿಗುರು, ಅಟ್ಟದ ಮೇಲಿನ ಹಲಸಿನ ಹಪ್ಪಳ ಎಲ್ಲಕ್ಕೂ ಅದೇ ಕಾಲ. ಇಂಬಳಗಳಿಗೂ ಅದೇ ಕಾಲವೆಂಬುದನ್ನು ಸೊಸೆಗೆ ಮೊದಲೇ ತಿಳಿಸಲು ಬರೆದುಕೊಂಡೆ.

ಮೂರನೆಯ ತೊಡಕನ್ನು ನಾನು ಎಲ್ಲಕ್ಕಿಂತ ಹೆಚ್ಚು ದಿನ ಮುಟ್ಟದೆ ಬಿಟ್ಟಿದ್ದೆ. ಅಪ್ಪ ಹುಟ್ಟಿದ ಊರು.

ನಮ್ಮ ಊರಿನ ಹೆಸರನ್ನು ಇಲ್ಲಿ ಹೇಳಿ ಫಲವಿಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯಿತು. ಸಮುದ್ರಮಟ್ಟಕ್ಕೆ 1819 ಅಡಿಯವರೆಗೆ ನೀರು ನಿಲ್ಲಬೇಕೆಂದು ಎಂಜಿನಿಯರರು ಗೆರೆ ಎಳೆದರು. ಗೆರೆಯ ಕೆಳಗಿದ್ದುದು ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ದೇವಸ್ಥಾನ, ಸ್ಮಶಾನ. ನನಗಾಗ ಆರು ವರ್ಷ, ತಮ್ಮನಿಗೆ ನಾಲ್ಕು, ಅಕ್ಕನಿಗೆ ಹದಿನೇಳು. ಮನೆಯ ಹೆಂಚು, ಪಕಾಸಿ, ಬಾಗಿಲುವಾಡಗಳನ್ನು ಬಿಚ್ಚಿ ಗಾಡಿಗೆ ಹೇರಿದ್ದು ನನಗೆ ನೆನಪಿದೆ; ಛಾವಣಿಯಿಲ್ಲದ ಅಡಿಗೆಮನೆಯಲ್ಲಿ ನಿಂತು ಅಮ್ಮ ಆಕಾಶ ನೋಡಿದ್ದು ನೆನಪಿದೆ. ಇನ್ನೇನೂ ಇಲ್ಲ. ತಮ್ಮನಿಗೆ ಅಷ್ಟೂ ಇರಲಿಲ್ಲ. ಆ ಕೊರತೆ ಅವನನ್ನು ಕಾಡುತ್ತಿತ್ತು. ಅಕ್ಕ ಸಿಕ್ಕಾಗಲೆಲ್ಲ, ಬಾವಿ ಯಾವ ಬದಿಗಿತ್ತು, ಕೊಟ್ಟಿಗೆಯ ಬಾಗಿಲು ಯಾವ ದಿಕ್ಕಿಗೆ ಎಂದು ಕೇಳುತ್ತಿದ್ದ. ಅಕ್ಕ ಹೇಳುತ್ತಿರಲಿಲ್ಲ, ಎದ್ದು ಒಳಗೆ ಹೋಗುತ್ತಿದ್ದಳು. ಅವನು ತೀರಿಕೊಂಡು ಈಗ ಎರಡು ವರ್ಷವಾಯಿತು. ಈಗ ಮಗ ಕೇಳುತ್ತಿದ್ದ.

ಮುಳುಗಡೆಯ ಕಥೆಯನ್ನು ಸಾಗರದವರೇ ಆಗಿದ್ದ ನಾ. ಡಿಸೋಜರು ತಮ್ಮ ಕಾದಂಬರಿಗಳಲ್ಲಿ ಬರೆದಿದ್ದಾರೆ. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರ ಮಾಡಿದ್ದಾರೆ. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು. ಮುಳುಗಡೆಯಿಂದ ಎದ್ದು ಹೋದವರ ಕಥೆ ಮಾತ್ರ ಇನ್ನೂ ಮುಗಿದಿಲ್ಲ. ತಮಗೆ ಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಇಂದಿಗೂ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಆ ಹೊಳೆಯ ವಿದ್ಯುತ್ತು ನಾಡಿನ ನಗರಗಳನ್ನು ಬೆಳಗಿತು. ಅದನ್ನು ನಾನು ಹಗುರವಾಗಿ ಕಾಣುವವನಲ್ಲ. ನಾನು ಓದಿದ್ದೂ ಅದೇ ದೀಪದಲ್ಲಿ.

ತಮ್ಮನ ಮಗನಿಗೆ ಇದನ್ನು ಹೇಗೆ ಬರೆಯಲಿ? ಅವನು ಹಿಂದೊಮ್ಮೆ ಕಳಿಸಿದ ಚಿತ್ರವೊಂದು ನೆನಪಾಯಿತು. ಶೆಫೀಲ್ಡಿಗೆ ಹತ್ತಿರದ ಲೇಡಿಬವರ್ ಎಂಬ ಜಲಾಶಯ. ಭಾನುವಾರಗಳಲ್ಲಿ ಮಗಳನ್ನು ಕರೆದುಕೊಂಡು ಹೋಗುವ ಜಾಗ. ಅದರ ತಳದಲ್ಲಿ ಡರ್ವೆಂಟ್, ಆ್ಯಶಪ್ಟನ್ ಎಂಬ ಎರಡು ಹಳ್ಳಿಗಳಿವೆ. ನೀರು ತುಂಬುವ ಮೊದಲು ಡರ್ವೆಂಟಿನ ಸಮಾಧಿಗಳಿಂದ ಶವಗಳನ್ನು ತೆಗೆದು ಬ್ಯಾಮ್‌ಫರ್ಡ್ ಎಂಬ ಊರಿನಲ್ಲಿ ಹೂಳಿದರು. ಹಳೆಯ ಕಲ್ಲುಸೇತುವೆಯೊಂದನ್ನು ಕಲ್ಲುಕಲ್ಲಾಗಿ ಬಿಚ್ಚಿ ಮುಂದೆ ಬೇರೆಡೆ ಕಟ್ಟಿದರು. 1945ರಲ್ಲಿ ಜಲಾಶಯ ತುಂಬಿತು. ಚರ್ಚಿನ ಗೋಪುರ ಮಾತ್ರ ನೀರಿನ ಮೇಲೆ ನಿಂತಿತ್ತು. ಅದನ್ನೂ 1947ರಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. ಬಿರುಬೇಸಗೆಯಲ್ಲಿ ನೀರಿಳಿದಾಗ ಗೋಡೆಗಳ ಅಡಿಗಲ್ಲು ಕಾಣುವುದಂತೆ, ನಮ್ಮಲ್ಲಿ ಬೇಸಗೆಗೆ ಮಡೆನೂರಿನ ಹಳೆಯ ಅಣೆಕಟ್ಟು ತಲೆಯೆತ್ತುವ ಹಾಗೆ. ಇದಿಷ್ಟನ್ನು ಅವನಿಗೆ ಬರೆದು, “ನಿನ್ನ ಅಪ್ಪನ ಊರೂ ಇಂಥದೊಂದು” ಎಂದು ಮುಗಿಸಿದೆ. ಎರಡು ದಿನ ಉತ್ತರ ಬರಲಿಲ್ಲ. ಆಮೇಲೆ ಬಂದದ್ದು ಒಂದೇ ಸಾಲು: “ಏಳು ವರ್ಷದಿಂದ ಆ ನೀರಿನ ದಡದಲ್ಲಿ ಬುತ್ತಿ ಬಿಚ್ಚಿ ಉಂಡಿದ್ದೇವೆ ದೊಡ್ಡಪ್ಪ, ಕೇಳಬೇಕೆಂದು ಹೊಳೆಯಲೇ ಇಲ್ಲ.”

ಈ ಉತ್ತರ ಬಂದ ಮೇಲೆ ದಾರಿ ತಾನಾಗಿಯೇ ಸಿಕ್ಕಿತು. ಹೊಳೆಯನ್ನು ಹಿಡಿದು ಹೋಗುವುದು! ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹರಿಯುವುದು ಹೊಸನಗರ ತಾಲ್ಲೂಕಿನಲ್ಲಿ. ನಿಲ್ಲುವುದು ಸಾಗರ ತಾಲ್ಲೂಕಿನಲ್ಲಿ. ಮೂರು ತಾಲ್ಲೂಕುಗಳಿಗೆ ಮೂರು ದಿನ. ಶಿವಮೊಗ್ಗದಿಂದ ಮಂಡಗದ್ದೆಯ ಮೇಲೆ ತೀರ್ಥಹಳ್ಳಿ. ಅಲ್ಲಿ ತುಂಗೆಯ ಕಮಾನು ಸೇತುವೆ, ಮಧ್ಯಾಹ್ನ ಕುಪ್ಪಳಿ. ಕವಿಮನೆಯನ್ನು ಕಡೆಗಣಿಸಿ ತೀರ್ಥಹಳ್ಳಿ ನೋಡುವವರುಂಟೆ? ಕುವೆಂಪು ಅವರ ಕಾದಂಬರಿಗಳ ಜನ ನಡೆದೇ ಹೋಗುವವರು. ಬೈಸಿಕಲ್ಲು ಕಂಡರೂ ಬೆರಗಾಗುವವರು. ಅಂಥ ನಾಡನ್ನು ಕಾರಿನಲ್ಲಿ ಸುತ್ತುವ ನಾವು ಕವಿಶೈಲವನ್ನಾದರೂ ಕಾಲ್ನಡಿಗೆಯಲ್ಲಿ ಹತ್ತಬೇಕೆಂದು ಪಟ್ಟಿಯಲ್ಲಿ ಅಡಿಗೆರೆ ಹಾಕಿದೆ. ಅನಂತಮೂರ್ತಿಯವರ ಮೇಳಿಗೆ, ಗೋಪಾಲಗೌಡರ ಆರಗ ಇವುಗಳನ್ನು ದಾರಿಯಲ್ಲಿ ಬೆರಳು ಮಾಡಿ ತೋರಿಸಿದರಾಯಿತು. ಕವಲೇದುರ್ಗವನ್ನು ಬಿಟ್ಟೆ, ಮಳೆಗಾಲದಲ್ಲಿ ಆ ಪಾವಟಿಗೆಗಳ ಮೇಲೆ ಹಾವಸೆ, ನನ್ನ ಮೊಣಕಾಲುಗಳಿಗೆ ಈಗ ಅಷ್ಟು ನಂಬಿಕೆಯಿಲ್ಲ. ಜೋಗವನ್ನೂ ಬಿಟ್ಟೆ. ಕೇಳುಗರಲ್ಲಿ ಕೆಲವರು ಇದನ್ನು ಅಪರಾಧವೆಂದು ಭಾವಿಸಿಯಾರು. ಜೋಗ ತನ್ನ ನೋಟಕರನ್ನು ತಾನೇ ಕರೆಸಿಕೊಳ್ಳುತ್ತದೆ. ಅದಕ್ಕೆ ನನ್ನ ಶಿಫಾರಸು ಬೇಕಿಲ್ಲ.

ಎರಡನೆಯ ದಿನ ನಗರ. ಒಂದು ಕಾಲಕ್ಕೆ ಕೆಳದಿ ನಾಯಕರ ರಾಜಧಾನಿ ಬಿದನೂರು; 1763ರಲ್ಲಿ ಹೈದರಾಲಿಯ ಕೈಸೇರಿ ಹೈದರನಗರವಾದದ್ದು; ಈಗ ನಾಲ್ಕು ಅಂಗಡಿಗಳ ರಸ್ತೆಬದಿಯ ಊರು. ಕೋಟೆಯೊಳಗೆ ಅಕ್ಕ ತಂಗಿಯರ ಕೊಳವೆಂದು ಜೋಡಿಕೊಳಗಳಿವೆ. ಅಂದು ರಾತ್ರಿ ಹೊಸನಗರದ ಬಳಿ ಅಕ್ಕನ ಮನೆಯಲ್ಲಿ ತಂಗುವುದು. ಮೂರನೆಯ ದಿನ ಸಾಗರ, ಇಕ್ಕೇರಿ, ಹೆಗ್ಗೋಡು. ಜೊತೆಗೆ ಕಾಗೋಡನ್ನೂ ಬರೆದೆ. ಅಲ್ಲಿ ನೋಡುವುದಕ್ಕೇನಿದೆ ಎಂದರೆ ಗದ್ದೆಯೇ. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಎದ್ದ ಜಗಳ 1951ರಲ್ಲಿ ಸತ್ಯಾಗ್ರಹವಾಗಿ, ಲೋಹಿಯಾ ಅವರು ಬಂದು ಸೆರೆಯಾಗಿ, ಇಪ್ಪತ್ತಮೂರು ವರ್ಷಗಳ ಮೇಲೆ ಬಂದ ಭೂಸುಧಾರಣೆಗೆ ಬೀಜ ಬಿದ್ದದ್ದು ಆ ಗದ್ದೆಗಳಲ್ಲಿ.

ಇಕ್ಕೇರಿಯನ್ನು ಕುರಿತು ಓದುತ್ತಿದ್ದಾಗ ಪಿಯೆತ್ರೊ ದೆಲ್ಲಾ ವಾಲೆಯ ಪ್ರವಾಸಪತ್ರಗಳು ಮತ್ತೆ ಕೈಗೆ ಬಂದವು. ಇಟಲಿಯ ಈ ಗೃಹಸ್ಥ 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆ ಗೇರುಸೊಪ್ಪೆಯ ಮೇಲಿಂದ ಘಟ್ಟವೇರಿ ವೆಂಕಟಪ್ಪನಾಯಕನ ಇಕ್ಕೇರಿಗೆ ಬಂದ. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡ. ಗುರು ಇಲ್ಲ, ಕಾಗದವಿಲ್ಲ. ನೆಲದ ಮೇಲೆ ನಯವಾದ ಮರಳು ಹರಡಿ, ಪಾಠವನ್ನು ರಾಗವಾಗಿ ಹಾಡುತ್ತ, ಬೆರಳಿನಿಂದ ಬರೆಯುವುದು. ತುಂಬಿದ ಮೇಲೆ ಮತ್ತೆ ಮರಳು ಹರಡುವುದು. ಅರಮನೆಯ ವೈಭವ ನೋಡಲು ಹೊರಟವನು ಅಲ್ಲಿ ನಿಂತು ಆ ಹುಡುಗರನ್ನು ಮಾತನಾಡಿಸಿ ಅದನ್ನೆಲ್ಲ ಊರಿಗೆ ಬರೆದ. ಅವನ ಕೈಯಲ್ಲಿ ಗಂಟೆಗಂಟೆಯ ಪಟ್ಟಿಯಿದ್ದಿದ್ದರೆ ಆ ಜಗಲಿಯ ಮುಂದೆ ನಿಲ್ಲುತ್ತಿದ್ದನೆ? ನಾನು ಮೂರು ದಿನಗಳ ಮಧ್ಯಾಹ್ನಗಳಲ್ಲೂ ಎರಡೆರಡು ಗಂಟೆ ಖಾಲಿ ಬಿಟ್ಟೆ.

ಊರಿಗೆ ಹೋಗುವ ಬಗೆ ಮಾತ್ರ ತೀರ್ಮಾನವಾಗಿರಲಿಲ್ಲ. ಹೊಳೆಬಾಗಿಲಿನಿಂದ ಲಾಂಚಿನಲ್ಲಿ ಹಿನ್ನೀರನ್ನು ದಾಟಿ ತುಮರಿಯ ಕಡೆಗೆ, ಸಿಗಂದೂರಿಗೆ, ಎಲ್ಲರೂ ಹೋಗುತ್ತಿದ್ದುದೇ. ಅಕ್ಕ ಅರುವತ್ತು ವರ್ಷಗಳಲ್ಲಿ ಒಮ್ಮೆಯೂ ಹೋದವಳಲ್ಲ. ಸಿಗಂದೂರಿನ ಅಮ್ಮನಿಗೆ ಹರಕೆ ಹೊತ್ತಾಗಲೂ ಕಾಣಿಕೆಯನ್ನು ಬೇರೆಯವರ ಕೈಯಲ್ಲಿ ಕಳಿಸಿದಳು. “ತವರುಮನೆಯ ಮೇಲೆ ದೋಣಿ ಹಾಯಿಸಿಕೊಂಡು ಹೋಗಲಾರೆ” ಎಂಬುದು ಅವಳ ಒಂದೇ ಮಾತು. ಅವಳು ಬಾರದಿದ್ದರೆ ನೀರನ್ನು ತೋರಿಸಬಹುದು. ಊರನ್ನು ತೋರಿಸುವವರು ಯಾರು?

ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿಯ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದವಾದ ತೂಗುತಂತಿಯ ಸೇತುವೆ. ಆ ದ್ವೀಪದ ಜನ ಒಂದು ಹೆರಿಗೆಗೆ, ಒಂದು ಪರೀಕ್ಷೆಗೆ ಲಾಂಚಿನ ಹೊತ್ತು ಕಾಯುತ್ತಿದ್ದ ಕಾಲ ಮುಗಿಯಿತು. ಮಾರನೆಯ ದಿನ ಅಕ್ಕನಿಗೆ ದೂರವಾಣಿ ಮಾಡಿದೆ. ಬೇರೆ ಸಂಗತಿಗಳನ್ನೆಲ್ಲ ಮಾತನಾಡಿ ಕೊನೆಗೆ ಸೇತುವೆಯ ಮಾತೆತ್ತಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಮೇಲಿಂದಲೇ ಹೋಗುವುದೋ? ನೀರು ಮುಟ್ಟುವುದಿಲ್ಲವೋ?” ಎಂದು ಕೇಳಿದಳು. ಮುಟ್ಟುವುದಿಲ್ಲವೆಂದೆ. “ಹುಡುಗಿಗೆ ಕಳಲೆ ಪಲ್ಯ ಸೇರುತ್ತದೆಯೋ ಕೇಳು” ಎಂದು ಫೋನಿಟ್ಟಳು.

ಪ್ರವಾಸ ಹೇಗಾಯಿತೆಂಬುದನ್ನು ವಿಸ್ತರಿಸುವುದಿಲ್ಲ. ಪಟ್ಟಿಯ ಅರ್ಧಭಾಗ ನಡೆಯಲಿಲ್ಲ. ಅಂಬುತೀರ್ಥದ ದಾರಿಯಲ್ಲಿ ಮರ ಬಿದ್ದಿತ್ತು. ಕವಿಶೈಲದಲ್ಲಿ ಮಂಜು ಮುಸುಕಿ ಎದುರಿಗಿದ್ದ ಒಬ್ಬರು ಇನ್ನೊಬ್ಬರಿಗೆ ಕಾಣಲಿಲ್ಲ. ಹುಡುಗಿಗೆ ಅದೇ ಎಲ್ಲಕ್ಕಿಂತ ಮೆಚ್ಚಾಯಿತು. ಇಕ್ಕೇರಿಯ ಅಘೋರೇಶ್ವರನ ಗುಡಿಯ ನೆಲದಲ್ಲಿ ಸಾಷ್ಟಾಂಗವೆರಗಿದ ನಾಯಕರ ರೇಖಾಚಿತ್ರಗಳನ್ನು ಅವಳು ತುಳಿಯದಂತೆ ಸುತ್ತುಬಳಸಿ ನಡೆದಳು. ತುಳಿಯಬೇಡವೆಂದು ಯಾರೂ ಹೇಳಿರಲಿಲ್ಲ. ತೋಟ ಮಾರುವವರ ಮನೆಯಲ್ಲಿ ಮುಕ್ಕಾಲು ಗಂಟೆಯೆಂದು ಕುಳಿತವರು ಏಳುವಾಗ ಮೂರು ಗಂಟೆ ಕಳೆದಿತ್ತು. ಅಕ್ಕನ ಮನೆಯ ಅಡಕೆ ಕೋಣೆಗೆ ಹಾಕಿರುವ ಬಾಗಿಲುವಾಡ ನಮ್ಮ ಮುಳುಗಿದ ಮನೆಯದು; ತಮ್ಮನ ಮಗ ಅದರ ಚಿಲಕವನ್ನು ಹಿಡಿದು ಎರಡು ಬಾರಿ ಹಾಕಿ ತೆಗೆದ.

ಮೂರನೆಯ ದಿನ ಆವಿನಹಳ್ಳಿಯ ಮೇಲೆ ಸೇತುವೆಯ ಬಳಿ ಬಂದಾಗ ಮಳೆ ಹನಿಗೆ ಇಳಿದಿತ್ತು. ಅಕ್ಕ ಮುಂದಿನ ಆಸನದಲ್ಲಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣುಮುಚ್ಚಿ ಕುಳಿತಿದ್ದಳು. ನಡುವೆ ನಿಲ್ಲಿಸುವುದು ತರವಲ್ಲವೆಂದು ಆಚೆಯ ದಡಕ್ಕೆ ಹೋಗಿ ಕಾರು ನಿಲ್ಲಿಸಿದೆವು. ಅವಳು ಇಳಿಯಲು ತಡಮಾಡಿದಳು. ಇಳಿದವಳು ನೀರನ್ನು ನೋಡಲಿಲ್ಲ. ನೀರಿನಾಚೆ ಸಾಲಾಗಿದ್ದ ಗುಡ್ಡಗಳನ್ನು ಒಂದೊಂದಾಗಿ ನೋಡತೊಡಗಿದಳು. ಕೊಡೆ ಹಿಡಿದು ನಿಂತ ಹುಡುಗಿಯ ಕೈಯಲ್ಲಿ ನನ್ನ ಪಟ್ಟಿಯ ಪ್ರತಿಯೊಂದಿತ್ತು. ದೂರದಲ್ಲಿ ಬೋಗುಣಿ ಕವುಚಿದಂತಿದ್ದ ಒಂದು ನಡುಗಡ್ಡೆಯ ಕಡೆಗೆ ಅಕ್ಕ ಬೆರಳೆತ್ತಿದಳು.

“ಅದು ದನ ಮೇಯಿಸುವ ಗುಡ್ಡದ ನೆತ್ತಿ. ಮೇಲಿನ ನೇರಳೆಮರದ ಹತ್ತಿರ ನಿಂತರೆ ನಮ್ಮ ಮನೆಯ ಹೆಂಚು ಕಾಣುತ್ತಿತ್ತು. ಅಲ್ಲಿಂದ ಕೆಳಗೆ ಇಳಿ. ಹಳ್ಳ. ಸಂಕ ದಾಟಿದ ಮೇಲೆ ಬಲಗಡೆಗೆ ಬಾವಿ.” ಸ್ವಲ್ಪ ತಡೆದು ಹೇಳಿದಳು: “ಕೊಟ್ಟಿಗೆಯ ಬಾಗಿಲು ಮೂಡಲಿಗೆ. ಅವನು ಕೇಳುತ್ತಿದ್ದ.”

ತಮ್ಮನ ಮಗ ಏನೋ ಹೇಳಹೊರಟು ನೀರಿನ ಕಡೆ ತಿರುಗಿ ನಿಂತ. ಹುಡುಗಿ ಪಟ್ಟಿಯನ್ನು ಮಗುಚಿ ಹಿಂಬದಿಯ ಬಿಳಿಯ ಹಾಳೆಯಲ್ಲಿ ಒಂದು ಗುಡ್ಡ ಬರೆದು, “ಅಜ್ಜಿ, ಸಂಕ ಅಂದರೆ ಏನು?” ಎಂದು ಕೇಳಿದಳು. ಅಕ್ಕ ಅವಳ ಕೈಯಿಂದ ಪೆನ್ಸಿಲನ್ನು ತೆಗೆದುಕೊಂಡಳು.